ಮೂರು ಬೆರಳಿನ ಉಪ್ಪು, ಒಂದು ಹಿಡಿ ಬೆಲ್ಲ

(ಮಕ್ಕಳ ಆರೋಗ್ಯದ ಕುರಿತು ಏರ್ಪಡಿಸಲಾಗಿದ್ದ ಪಾಲಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮಗುವಿನ ಜೀವ ಉಳಿಸುವ ಔಷಧಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ಆಸ್ಪತ್ರೆ, ದುಬಾರಿ ಯಂತ್ರ ಮತ್ತು ಶ್ರೀಮಂತ ರಾಷ್ಟ್ರಗಳ ಪ್ರಯೋಗಾಲಯ. ಆದರೆ ಕಳೆದ ಶತಮಾನದಲ್ಲಿ ಕೋಟ್ಯಂತರ ಮಕ್ಕಳನ್ನು ಬದುಕಿಸಿದ ಔಷಧಿಯೊಂದು ರೋಗಿಗಳ ಮೇಲೆ ಸಾಬೀತಾದದ್ದು ಬಡತನ ಮತ್ತು ನೆರೆಯಿಂದ ಬಳಲುತ್ತಿದ್ದ ಬಂಗಾಳದ ನೆಲದಲ್ಲಿ. ಅದರ ಮುಖ್ಯ ಸಾಮಗ್ರಿ ಉಪ್ಪು, ಸಕ್ಕರೆ ಮತ್ತು ನೀರು.

ವಾಂತಿಭೇದಿಯಲ್ಲಿ ಮಗುವನ್ನು ಕೊಲ್ಲುವುದು ಬಹುತೇಕ ಸಂದರ್ಭಗಳಲ್ಲಿ ದೇಹದಿಂದ ಹರಿದು ಹೋಗುವ ನೀರು ಮತ್ತು ಲವಣದ ನಷ್ಟ. ಹಿಂದೆ ಇದಕ್ಕಿದ್ದ ಭರವಸೆಯ ಚಿಕಿತ್ಸೆ ರಕ್ತನಾಳಕ್ಕೆ ಡ್ರಿಪ್ ಹಾಕುವುದೊಂದೇ. ಹಳ್ಳಿಯ ಬಡವನಿಗೆ ಅದೆಲ್ಲಿಂದ ದಕ್ಕಬೇಕು? 1960ರಲ್ಲಿ ಢಾಕಾದಲ್ಲಿ ಕಾಲರಾ ಸಂಶೋಧನಾಲಯ ಆರಂಭವಾಯಿತು. ಭೇದಿಯಾಗುತ್ತಿರುವಾಗಲೂ ಕರುಳು ಸಕ್ಕರೆಯ ಜೊತೆಗೆ ಉಪ್ಪನ್ನು ಹೀರುತ್ತದೆ, ಉಪ್ಪಿನ ಹಿಂದೆಯೇ ನೀರೂ ಒಳಸೇರುತ್ತದೆ. ಈ ತತ್ವದ ಮೇಲೆ ಡೇವಿಡ್ ನಲಿನ್, ರಿಚರ್ಡ್ ಕ್ಯಾಶ್ ಮತ್ತು ಅವರ ಬಂಗಾಳಿ ಸಹೋದ್ಯೋಗಿಗಳು 1968ರಲ್ಲಿ ಕಾಲರಾ ರೋಗಿಗಳಿಗೆ ಬಾಯಿಯ ಮೂಲಕವೇ ದ್ರಾವಣ ಕುಡಿಸಿ ಯಶಸ್ಸು ಕಂಡರು.

1971ರ ಯುದ್ಧದಲ್ಲಿ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಭಾರತಕ್ಕೆ ಬಂದರು. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ಡ್ರಿಪ್ ದ್ರವ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್ ಮತ್ತು ಸೋಡಾದ ಪೊಟ್ಟಣಗಳನ್ನು ಕಟ್ಟಿಸಿ, ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. 100ಕ್ಕೆ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ 4ಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ನಿಧನರಾದರು. ಪದ್ಮವಿಭೂಷಣ ಪ್ರಶಸ್ತಿ ಬಂದದ್ದು ಮರುವರ್ಷ, ಮರಣೋತ್ತರವಾಗಿ.

ಸಹೋದರರೇ, ಸಂಶೋಧನೆ ಇಲ್ಲಿಗೆ ಮುಗಿಯಿತೆಂದು ನಾವು ಭಾವಿಸಬಾರದು. ಅದರ ಕಷ್ಟದ ಭಾಗ ಆರಂಭವಾದದ್ದೇ ಆಮೇಲೆ. ವೈದ್ಯರಿಗೆ ತಿಳಿದದ್ದು ತಾಯಿಗೆ ತಿಳಿಯುವುದು ಹೇಗೆ? ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 1980ರಲ್ಲಿ ಈ ಹೊಣೆ ಹೊತ್ತಿತು. ಅದರ ಕಾರ್ಯಕರ್ತೆಯರು ಮನೆ ಮನೆಗೆ ನಡೆದರು. ಅಕ್ಷರ ಬಾರದ ತಾಯಂದಿರಿಗೆ ಅವರು ಕಲಿಸಿದ ಅಳತೆ ಇಷ್ಟೇ: ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ತಾಯಿಯೇ ತನ್ನ ಕೈಯಾರೆ ಕಲಸಿ ತೋರಿಸಬೇಕಿತ್ತು. ಕೆಲ ದಿನಗಳ ಬಳಿಕ ಪರೀಕ್ಷಕರು ಆಯ್ದ ಮನೆಗಳಿಗೆ ಬಂದು, ಆ ತಾಯಿಗೆ ಎಷ್ಟು ನೆನಪಿದೆ, ಅವಳು ಕಲಸಿದ್ದು ಸರಿಯಿದೆಯೇ ಎಂದು ನೋಡುತ್ತಿದ್ದರು. ಕಾರ್ಯಕರ್ತೆಯ ವೇತನ ಇದನ್ನು ಅವಲಂಬಿಸಿತ್ತು. ಎಷ್ಟು ಮನೆಗೆ ಹೋದಳೆಂಬುದಕ್ಕಿಂತ ತಾಯಿ ಎಷ್ಟು ಕಲಿತಳೆಂಬುದಕ್ಕೆ ಅಲ್ಲಿ ಬೆಲೆಯಿತ್ತು.

ಆದರೂ ಕಲಿತ ತಾಯಂದಿರಲ್ಲಿ ಬಹಳಷ್ಟು ಮಂದಿ ಮೊದಮೊದಲು ಅದನ್ನು ಬಳಸಲಿಲ್ಲ. ಸಂಸ್ಥೆಯವರು ತಾಯಂದಿರನ್ನು ದೂಷಿಸದೆ ಕಾರಣ ಹುಡುಕಿದರು. ಹಳ್ಳಿಗರ ದೃಷ್ಟಿಯಲ್ಲಿ ಭೇದಿ ಒಂದೇ ಬಗೆಯದಲ್ಲ, ನಾಲ್ಕು ಬಗೆಯದು. ಉಪ್ಪು-ಬೆಲ್ಲದ ನೀರು ಅತ್ಯಂತ ತೀವ್ರವಾದ ಒಂದಕ್ಕೆ ಮಾತ್ರ ಎಂದು ಅವರು ಅರ್ಥೈಸಿಕೊಂಡಿದ್ದರು. ಕೆಲವು ಕಾರ್ಯಕರ್ತೆಯರಿಗೇ ಅದರಲ್ಲಿ ನಂಬಿಕೆಯಿರಲಿಲ್ಲ. ಮನೆಯ ಗಂಡಸರನ್ನಂತೂ ಯಾರೂ ಮಾತನಾಡಿಸಿರಲಿಲ್ಲ. ಇವೆಲ್ಲವನ್ನೂ ತಿದ್ದಲಾಯಿತು. ಕಾರ್ಯಕರ್ತೆಯರು ತಾಯಂದಿರ ಮುಂದೆ ತಾವೇ ಆ ನೀರನ್ನು ಕುಡಿದು ತೋರಿಸಿದರು. ಸಂತೆಯಲ್ಲೂ ಮಸೀದಿಯಲ್ಲೂ ಗಂಡಸರಿಗೆ ತಿಳಿಹೇಳಲಾಯಿತು. 1990ರ ವೇಳೆಗೆ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಈ ಪಾಠ ತಲುಪಿತ್ತು.

ಫಲವೇನು? 1990ರಲ್ಲಿ ಬಾಂಗ್ಲಾದೇಶದಲ್ಲಿ ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ 140ಕ್ಕೂ ಹೆಚ್ಚು ಮಂದಿ ಐದು ತುಂಬುವ ಮೊದಲೇ ಸಾಯುತ್ತಿದ್ದರು. ಇಂದು ಆ ಸಂಖ್ಯೆ 30ರ ಆಸುಪಾಸಿಗೆ ಇಳಿದಿದೆ. ಲಸಿಕೆ, ಹೆಣ್ಮಕ್ಕಳ ಶಿಕ್ಷಣ, ಉತ್ತಮ ಆಹಾರ ಎಲ್ಲವೂ ಇದರಲ್ಲಿ ಪಾಲುದಾರರು. ಆದರೆ ಆ ತಾಯಂದಿರ ಕೈಯ ಪಾಲು ಸಣ್ಣದಲ್ಲ.

ಲಾಭವಿಲ್ಲದ ಔಷಧಿಗೆ ಮಾರುಕಟ್ಟೆಯಲ್ಲಿ ವಾರಸುದಾರರಿರುವುದಿಲ್ಲ. ಬಡ ಮಕ್ಕಳ ರೋಗಗಳ ಸಂಶೋಧನೆ ಇಂದಿಗೂ ಬಹುಪಾಲು ಪರರ ನೆರವನ್ನೇ ನೆಚ್ಚಿಕೊಂಡಿದೆ. 2025ರ ಆರಂಭದಲ್ಲಿ ಅಮೇರಿಕ ತನ್ನ ನೆರವನ್ನು ತಡೆಹಿಡಿದಾಗ, ಅದೇ ಢಾಕಾ ಸಂಶೋಧನಾ ಕೇಂದ್ರದ ಸಾವಿರಕ್ಕೂ ಹೆಚ್ಚು ಸಿಬ್ಬಂದಿ ಕೆಲಸ ಕಳೆದುಕೊಂಡರು. ಸಮುದ್ರದಾಚೆಯ ಒಂದು ಸಹಿಯಿಂದ ಇಲ್ಲಿನ ಕೆಲಸ ನಿಲ್ಲುತ್ತದೆಯೆಂದಾದರೆ, ನಮ್ಮ ಸರಕಾರಗಳು ನಮ್ಮ ಮಕ್ಕಳಿಗಾಗಿ ಮಾಡುವ ವೆಚ್ಚದ ಕುರಿತು ನಾವು ಕೇಳಬೇಕಾದ ಪ್ರಶ್ನೆಗಳಿವೆ.

ಇನ್ನು ನಮ್ಮ ಮನೆಗಳ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ಭೇದಿಯಾದ 100 ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ಸುಮಾರು 60 ಮಕ್ಕಳಿಗೆ. ಸತುವಿನ ಮಾತ್ರೆ ಅಥವಾ ಸಿರಪ್ ಸಿಕ್ಕಿದ್ದು ಸುಮಾರು 30ಕ್ಕೆ. ಅತ್ತ ಸಕ್ಕರೆ ತುಂಬಿದ ಪಾನೀಯಗಳು ಓಆರ್‌ಎಸ್ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಮೆಡಿಕಲ್ ಶಾಪ್‌ಗಳಲ್ಲಿ ಮಾರಾಟವಾದವು. ಅತಿಯಾದ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ. 2025ರ ಅಕ್ಟೋಬರ್‌ನಲ್ಲಷ್ಟೇ ಆಹಾರ ಸುರಕ್ಷತಾ ಪ್ರಾಧಿಕಾರವು ಅಂತಹ ಪಾನೀಯಗಳಿಗೆ ಆ ಹೆಸರು ಬಳಸದಂತೆ ಆದೇಶಿಸಿತು.

ಆದ್ದರಿಂದ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿದೆಯೇ ಎಂದು ಓದಿ ಕೊಳ್ಳಿರಿ. ಅದರಲ್ಲಿ ಹೇಳಿದಷ್ಟೇ ಶುದ್ಧ ನೀರಿನಲ್ಲಿ ಪೂರ್ತಿ ಪೊಟ್ಟಣವನ್ನು ಕರಗಿಸಿರಿ. ಮಗುವಿಗೆ ಸ್ವಲ್ಪ ಸ್ವಲ್ಪವಾಗಿ ಕುಡಿಸಿರಿ. ಎದೆಹಾಲನ್ನಾಗಲಿ, ಉಣ್ಣುವ ಮಗುವಿಗೆ ಗಂಜಿಯನ್ನಾಗಲಿ ನಿಲ್ಲಿಸಬೇಡಿರಿ. ವೈದ್ಯರು ಬರೆದುಕೊಟ್ಟ ಸತುವನ್ನು, ಭೇದಿ ನಿಂತ ಮೇಲೂ, ಹೇಳಿದಷ್ಟು ದಿನ ಕೊಡಿರಿ. ಮಗು ಕುಡಿಯಲಾರದಾದರೆ, ಕಣ್ಣು ಗುಳಿ ಬಿದ್ದರೆ, ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಇಷ್ಟನ್ನು ತಾಯಂದಿರಿಗೆ ಮಾತ್ರ ಹೇಳಿ ಗಂಡಸರು ಎದ್ದು ಹೋಗುವುದು ಸರಿಯಲ್ಲ. ಪೊಟ್ಟಣ ತರಬೇಕಾದವರು, ರಾತ್ರಿ ನಿದ್ದೆಗೆಟ್ಟು ಚಮಚ ಹಿಡಿಯಬೇಕಾದವರು ನಾವೂ ಹೌದು. ಈ ಸಭೆಯಿಂದ ಹೋಗುವ ಪ್ರತಿಯೊಬ್ಬರೂ ನೆರೆಯ ಒಂದು ಮನೆಗಾದರೂ ಈ ಮಾತನ್ನು ಮುಟ್ಟಿಸಲಿ ಎಂದು ವಿನಂತಿಸುತ್ತಾ ನಮ್ಮ ಮಾತುಗಳನ್ನು ಮುಗಿಸುತ್ತೇವೆ.