ಓದುವ ನಾಟಕ, ನೋಡುವ ನಾಟಕ



ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪವನ್ನು ನೀವು ನೋಡಿರಬಹುದು. 1510ರಲ್ಲಿ ಅದನ್ನು ಕಟ್ಟಿಸಿದ ಕೃಷ್ಣದೇವರಾಯ ನಾಟಕಕಾರನೂ ಹೌದು. ಆತನ ಸಂಸ್ಕೃತ ನಾಟಕ ‘ಜಾಂಬವತೀ ಕಲ್ಯಾಣ’ ವಿರೂಪಾಕ್ಷನ ವಸಂತೋತ್ಸವಕ್ಕೆ ನೆರೆದವರ ಮುಂದೆ ಆಡಲೆಂದೇ ರಚಿತವಾದದ್ದು. ಇಂದು ನಮ್ಮ ಕೈಯಲ್ಲಿರುವುದು ಪುಸ್ತಕ. ಮಾತುಗಳು ಉಳಿದಿವೆ, ಅಂದಿನ ನಟರ ದನಿ, ನಡುವಿನ ಮೌನ, ಪ್ರೇಕ್ಷಕರ ನಗು ಉಳಿದಿಲ್ಲ.

ವಿಜ್ಞಾನ ಓದಿದ ನನಗೆ ಮುದ್ರಿತ ನಾಟಕವು ವಿದ್ಯುತ್ ಮಂಡಲದ ನಕ್ಷೆಯಂತೆ ತೋರುತ್ತದೆ. ನಕ್ಷೆ ಅರಿಯದೆ ದೀಪದ ಮರ್ಮ ತಿಳಿಯದು. ಆದರೆ ನಕ್ಷೆಯೇ ಬೆಳಕು ಕೊಡದು. ಓದುವಾಗ ನಿಂತು, ಹಿಂದಿನ ಪುಟ ತಿರುಗಿಸಿ ಯೋಚಿಸಬಹುದು. ರಂಗದ ಮುಂದೆ ಆ ಬಿಡುವಿಲ್ಲ. ಅಲ್ಲಿ ಮಾತು ಮನುಷ್ಯನಾಗಿ ಎದುರು ನಿಲ್ಲುತ್ತದೆ. ಎರಡೂ ಬೇಕು.

ಹೊಸಪೇಟೆ, ಸಂಡೂರು, ಕಂಪ್ಲಿಯ ಗೆಳೆಯರೇ, ನಿಮ್ಮ ಪಠ್ಯದ ನಾಟಕವನ್ನು ಪರೀಕ್ಷೆಗೆ ಮೊದಲು ಒಮ್ಮೆ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ. ಟಿಪ್ಪಣಿ ಹೇಳದ ಅರ್ಥವನ್ನು ನಿಮ್ಮ ಕಿವಿಯೇ ಹೇಳೀತು.