ಮೀಟರ್ ಸೊನ್ನೆಗೆ ತಿರುಗಿದಾಗ



"ನಿನ್ನದೇನು ಕೆಲಸವಮ್ಮಾ?" ಎಂದು ಸಂಘದ ಹಿರಿಯರು ಕೇಳಿದಾಗಲೆಲ್ಲ "ಕಂಪ್ಯೂಟರ್" ಎಂದು ಜಾರಿಕೊಳ್ಳುತ್ತಿದ್ದೆ. ಇಂದು ಸರಿಯಾಗಿ ಹೇಳುತ್ತೇನೆ.

ಮೊಬೈಲ್, ಟಿ.ವಿ., ವೈಫೈ ಪೆಟ್ಟಿಗೆ ಯಾವುದೇ ಇರಲಿ, ಸ್ವಿಚ್ ಒತ್ತಿದೊಡನೆ ಮೊದಲು ಏಳುವ ಪುಟ್ಟ ಪ್ರೋಗ್ರಾಂಗೆ ಬೂಟ್‌ಲೋಡರ್ ಎನ್ನುತ್ತಾರೆ. ಮೆಮೊರಿ ಎಲ್ಲಿದೆ, ಎಷ್ಟಿದೆ ಎಂದು ಲೆಕ್ಕ ಹಾಕಿ, ಲಿನಕ್ಸ್‌ನಂಥ ದೊಡ್ಡ ಪ್ರೋಗ್ರಾಂ ಅನ್ನು ತಂದು ಕೂರಿಸಿ ಅದು ಪಕ್ಕಕ್ಕೆ ಸರಿಯುತ್ತದೆ. ನಾನು ಕೆಲಸ ಮಾಡುವುದು ಯು-ಬೂಟ್ ಎಂಬ ಬೂಟ್‌ಲೋಡರ್ ಮೇಲೆ. ಜರ್ಮನಿಯ ವುಲ್ಫ್‌ಗಾಂಗ್ ಡೆಂಕ್ ಆರಂಭಿಸಿದ ಮುಕ್ತ ತಂತ್ರಾಂಶ ಅದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಕೆಳಗಿನ ಜಾಗ ಲಿನಕ್ಸ್‌ಗೆ ಉಳಿಯಲೆಂದು ಯು-ಬೂಟ್ ತಾನು ಮೆಮೊರಿಯ ತುತ್ತತುದಿಗೆ ಹೋಗಿ ಕೂರುತ್ತದೆ. ನನ್ನ ಕಥೆ ಇರುವುದು ಆ ತುದಿಯಲ್ಲೇ.

ಮಗಳು ಹುಟ್ಟಿದ ಮೇಲೆ ಎರಡು ವರ್ಷ ಮನೆಯಲ್ಲಿದ್ದು, ಮತ್ತೆ ಡೊಂಬಿವಲಿಯಿಂದ ಥಾಣೆಗೆ, ಅಲ್ಲಿ ಗಾಡಿ ಬದಲಿಸಿ ನವಿಮುಂಬಯಿಗೆ ಓಡಾಟ ಶುರುವಾಗಿತ್ತು. ಮೂರನೇ ತಿಂಗಳಲ್ಲಿ ಒಂದು ಬೋರ್ಡ್ ನನ್ನ ಮೇಜಿಗೆ ಬಂತು. 1 ಜಿಬಿ ಮೆಮೊರಿ ಇದ್ದಾಗ ಚೆನ್ನಾಗಿ ಓಡುತ್ತಿದ್ದ ಅದು, ಗ್ರಾಹಕರು 2 ಜಿಬಿ ಹಾಕಿಸಿದೊಡನೆ ಸತ್ತಂತೆ ಬಿದ್ದಿತ್ತು. ಪರದೆಯ ಮೇಲೆ ಒಂದಕ್ಷರವೂ ಇಲ್ಲ. ಎರಡು ದಿನ ಕಳೆಯಿತು. "ಬಹಳ ದಿನ ಬಿಟ್ಟಿದ್ದೀರಲ್ಲ, ಬೇರೆಯವರಿಗೆ ಕೊಡೋಣವೇ?" ಎಂದರು. ಒಂದು ದಿನ ಕೊಡಿ ಎಂದೆ.

ನನಗೇ ನನ್ನ ಮೇಲೆ ಭರವಸೆ ಇರಲಿಲ್ಲ. ಅದಕ್ಕೇ ಪ್ರತಿ ಸಾಲಿನ ಲೆಕ್ಕವನ್ನೂ ಕಾಗದದ ಮೇಲೆ ಮಾಡಿದೆ. ಅದು 32 ಬಿಟ್‌ನ ಎಆರ್‌ಎಂ ಪ್ರೊಸೆಸರ್. 32 ಬಿಟ್‌ನಲ್ಲಿ ಹಿಡಿಯುವುದು ಸುಮಾರು 429 ಕೋಟಿ ವಿಳಾಸಗಳು, ಅಂದರೆ 4 ಜಿಬಿ. ಆ ಬೋರ್ಡಿನಲ್ಲಿ ಮೆಮೊರಿ ಶುರುವಾಗುವುದೇ 2 ಜಿಬಿಯ ಗುರುತಿನಿಂದ. ಅದಕ್ಕೆ 2 ಜಿಬಿ ಸೇರಿಸಿದರೆ ಸರಿಯಾಗಿ 4 ಜಿಬಿ. ಆದರೆ 4 ಜಿಬಿ ಎಂಬ ಸಂಖ್ಯೆ 32 ಬಿಟ್‌ನಲ್ಲಿ ಹಿಡಿಯುವುದಿಲ್ಲ! ಹಳೆಯ ಕರೆಂಟ್ ಮೀಟರ್ 99999 ದಾಟಿದರೆ 00000 ಆಗುತ್ತದಲ್ಲ, ಹಾಗೆ ಮೊತ್ತ ಸೊನ್ನೆಯಾಗಿತ್ತು.

ಇಲ್ಲೊಂದು ಸ್ವಾರಸ್ಯವಿದೆ. ಸೊನ್ನೆಯಿಂದ ಹಿಂದಕ್ಕೆ ತಿರುಗಿಸಿದರೆ ಮೀಟರ್ ಮತ್ತೆ 99999ಕ್ಕೆ ಬರುತ್ತದೆ. ಅಂದರೆ ತುದಿಯಿಂದ ಜಾಗ ಕಳೆಯುತ್ತಾ ಹೋದರೆ ಲೆಕ್ಕ ತಾನಾಗಿ ಸರಿಹೋಗುತ್ತದೆ. ಯು-ಬೂಟ್‌ನ ಮೂಲ ಕೋಡ್ ಇದನ್ನು ತಿಳಿದೇ ಬರೆದದ್ದು, ಟಿಪ್ಪಣಿಯೂ ಅಲ್ಲಿದೆ. ತಪ್ಪು ನಾವು ಸೇರಿಸಿದ್ದ ಒಂದು ಸಾಲಿನಲ್ಲಿತ್ತು: "ತುದಿಯು ಆರಂಭಕ್ಕಿಂತ ದೊಡ್ಡದೇ?" ಎಂಬ ಪರೀಕ್ಷೆ. ಸೊನ್ನೆ ದೊಡ್ಡದಲ್ಲವಲ್ಲ, ಹಾಗಾಗಿ ಮೆಮೊರಿಯೇ ಇಲ್ಲವೆಂದು ಪ್ರೋಗ್ರಾಂ ನಿಂತುಬಿಟ್ಟಿತ್ತು. ತುದಿಯನ್ನು ಬಿಟ್ಟು ಮೆಮೊರಿಯ ಅಳತೆಯನ್ನೇ ಪರೀಕ್ಷಿಸುವಂತೆ ಸಾಲನ್ನು ತಿದ್ದಿದೆ. ಬೋರ್ಡ್ ಮಾತಾಡಿತು.

ಮುಂದೆ ಅದೇ ಕೋಡ್ 64 ಬಿಟ್ ಪ್ರೊಸೆಸರ್‌ಗೆ ಹೋಯಿತು, ಮೆಮೊರಿ 4 ಜಿಬಿ. ಈಗ ಮೀಟರ್ ತಿರುಗುವ ಭಯವಿಲ್ಲ. ತುದಿ ನಿಜಕ್ಕೂ 6 ಜಿಬಿಯಲ್ಲಿ. ಆದರೂ ಕಾರ್ಡಿನಿಂದ ಲಿನಕ್ಸ್ ಏರಲಿಲ್ಲ. 15 ಡಬ್ಬಿಯ ಲೋಕಲ್ 12 ಡಬ್ಬಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ಕೊನೆಯ ಮೂರು ಡಬ್ಬಿಯವರು ಇಳಿಯುವುದೆಲ್ಲಿ? ಪ್ರೊಸೆಸರ್ 64 ಬಿಟ್‌ನದಾದರೂ ಕಾರ್ಡ್ ಓದುವ ಭಾಗಕ್ಕೆ 32 ಬಿಟ್ ವಿಳಾಸವಷ್ಟೇ ಗೊತ್ತು. 4 ಜಿಬಿಯಾಚೆ ಅದರ ಕೈ ಎಟುಕದು. ಅಂಥಲ್ಲಿ ಯು-ಬೂಟ್ 4 ಜಿಬಿಯ ಕೆಳಗೇ ಕೂರಬೇಕು. ಒಂದು ಬೋರ್ಡಿನಲ್ಲಿ ಮಿತಿ ಸಂಖ್ಯೆಯದು, ಇನ್ನೊಂದರಲ್ಲಿ ಜೊತೆಗಾರನದು. ಒಂದೆಡೆಯ ಮದ್ದು ಇನ್ನೊಂದೆಡೆ ನಾಟುವುದಿಲ್ಲ.

ನಮ್ಮಲ್ಲಿ ಅನೇಕರು ಮಕ್ಕಳಿಗಾಗಿ, ಹಿರಿಯರಿಗಾಗಿ ಕೆಲಸ ಬಿಟ್ಟವರಿದ್ದೀರಿ. ಮರಳಿದಾಗ "ಎಲ್ಲ ಮರೆತಿರಬೇಕು" ಎಂಬ ಮಾತು ಕಾದಿರುತ್ತದೆ. ಆ ಸಾಲನ್ನು ಕಛೇರಿಯಲ್ಲಿ ಎಲ್ಲರೂ ನೋಡಿದ್ದರು. ಗೊತ್ತಿದೆ ಎಂದುಕೊಂಡು ಮುಂದೆ ಸಾಗಿದ್ದರು. ಗೊತ್ತಿಲ್ಲವೆಂಬ ಅಳುಕಿನಿಂದ ನಾನು ಕೂಡಿಸಿ ನೋಡಿದೆ, ಅಷ್ಟೇ. ಅಳುಕಿದ್ದರೂ ಸರಿ, ಪೆನ್ನು-ಕಾಗದ ಹಿಡಿದು ಹೋಗಿ.