ಕಂಟ್ರೋಲ್ ಒತ್ತಿದಾಗ ಕೇಳಿಸಿಕೊಳ್ಳೋರು ಯಾರು? ಟ್ಯಾಲಿ, ಕನ್ನಡ ಕೀಬೋರ್ಡ್ ಮತ್ತು ಶಾರ್ಟ್‌ಕಟ್‌ನ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಮಾತು ಕೀಬೋರ್ಡ್ ಶಾರ್ಟ್‌ಕಟ್ ಬಗ್ಗೆ. "ಕಂಟ್ರೋಲ್ ಸಿ, ಕಂಟ್ರೋಲ್ ವಿ ನಮಗೂ ಗೊತ್ತದೆ ಬಿಡ್ರಿ" ಅಂತ ಮುಂದಿನ ಸಂಚಿಕೆಗೆ ಹಾರಬೇಡ್ರಿ. ಯಾವ ಕೀ ಒತ್ತಿದರೆ ಏನಾಗ್ತದೆ ಅನ್ನೋ ಪಟ್ಟಿ ಯೂಟ್ಯೂಬ್‌ನಲ್ಲಿ ಸಾಕಷ್ಟು ಸಿಗ್ತದೆ. ನೀವು ಒತ್ತಿದ್ದು ಕಂಪ್ಯೂಟರ್‌ ಒಳಗೆ ಯಾರ್ಯಾರ ಕೈ ದಾಟಿ ಹೋಗ್ತದೆ, ಸಾಫ್ಟ್‌ವೇರ್ ಬರೆಯೋರು ಅದನ್ನ ಹೆಂಗೆ ಹಿಡೀತಾರೆ, ಸರಿಯಾಗಿ ಹಿಡೀದಿದ್ರೆ ಕನ್ನಡದಲ್ಲಿ ಟೈಪ್ ಮಾಡೋರಿಗೆ ಏನು ತೊಂದರೆ, ಇದನ್ನ ಇವತ್ತು ನೋಡೋಣ.

ನೀವು ಇದನ್ನ ಮೊಬೈಲ್‌ನಲ್ಲಿ ಕೇಳ್ತಾ ಇದ್ದೀರಿ. ಮೊಬೈಲ್‌ನಲ್ಲಿ ಶಾರ್ಟ್‌ಕಟ್ ಅನ್ನೋದೇ ಇಲ್ಲ, ಎಲ್ಲಾ ಬೆರಳಲ್ಲಿ ಸವರೋದು. ಆದರೆ ಚೌಡಾಪುರದಿಂದ ಬಸ್ ಹತ್ತಿ ಕಲಬುರಗಿಗೆ ಕೆಲಸ ಕೇಳಲು ಹೋಗೋ ಬಿ.ಕಾಂ. ಹುಡುಗ ಹುಡುಗಿಯರನ್ನ ಅಂಗಡಿ ಸಾವ್ಕಾರ್ರು ಕೇಳೋ ಮೊದಲ ಪ್ರಶ್ನೆ ಒಂದೇ: "ಟ್ಯಾಲಿ ಬರ್ತದೇನು?" ಬರ್ತದೆ ಅಂದರೆ ಕಂಪ್ಯೂಟರ್ ಮುಂದೆ ಕೂರಿಸ್ತಾರೆ. ತೊಗರಿ ಸುಗ್ಗಿಯಲ್ಲಿ ಬಿಲ್ಲುಗಳು ರಾಶಿ ಬಿದ್ದಾಗ ಮೌಸ್ ಹಿಡಿದು ಹುಡುಕ್ತಾ ಕೂತರೆ ನಡೆಯಲ್ಲ. ಬೆರಳಿಗೆ ಕೀ ಗೊತ್ತಿರಬೇಕು. ನಮ್ಮ ಕಡೆ ಶಾರ್ಟ್‌ಕಟ್ ಅಂದರೆ ಸಂಬಳದ ಪ್ರಶ್ನೆ.

ಟ್ಯಾಲಿಯಿಂದಲೇ ಶುರು ಮಾಡೋಣ, ಯಾಕಂದರೆ ಅದು ನಮ್ಮ ರಾಜ್ಯದ್ದೇ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಗೋಯೆಂಕಾ ಕಟ್ಟಿದ ಕಂಪನಿ. ಅಪ್ಪನಿಗೆ ತಮ್ಮ ವ್ಯಾಪಾರದ ಲೆಕ್ಕ ಇಡೋದಕ್ಕೆ ಸರಿಯಾದ ಸಾಫ್ಟ್‌ವೇರ್ ಬೇಕಿತ್ತು, ಮಗ ಬರೆದುಕೊಟ್ಟ. ಅದು ಡಾಸ್ ಕಾಲ. ಪರದೆ ಮೇಲೆ ಬರೀ ಅಕ್ಷರ, ಮೌಸ್‌ಗೆ ಕೆಲಸವೇ ಇರಲಿಲ್ಲ. ಹಂಗಾಗಿ ಎಲ್ಲಾ ಕೆಲಸಾನೂ ಕೀಬೋರ್ಡ್‌ನಿಂದಲೇ ಆಗೋ ಹಾಗೆ ಅದು ಬೆಳೀತು. ಎಫ್ 4 ಕಾಂಟ್ರಾ, ಎಫ್ 5 ಪೇಮೆಂಟ್, ಎಫ್ 6 ರಿಸೀಟ್, ಎಫ್ 7 ಜರ್ನಲ್, ಎಫ್ 8 ಸೇಲ್ಸ್, ಎಫ್ 9 ಪರ್ಚೇಸ್. ಟ್ಯಾಲಿ ಕಲಿತವರು ಇದನ್ನ ಮಗ್ಗಿ ಹೇಳಿದ ಹಾಗೆ ಹೇಳ್ತಾರೆ.

2020ರಲ್ಲಿ ಟ್ಯಾಲಿ ಪ್ರೈಮ್ ಬಂದಾಗ ಪರದೆ ಪೂರ್ತಿ ಬದಲಾಯ್ತು. ಕೆಲವು ಕೀಗಳೂ ಬದಲಾದವು. ಹಳೇ ಇಆರ್‌ಪಿ 9ರಲ್ಲಿ ಕ್ರೆಡಿಟ್ ನೋಟ್‌ಗೆ ಕಂಟ್ರೋಲ್ ಎಫ್ 8 ಇತ್ತು, ಪ್ರೈಮ್‌ನಲ್ಲಿ ಆಲ್ಟ್ ಎಫ್ 6 ಆಯ್ತು. ಆದರೆ ಎಫ್ 4ರಿಂದ ಎಫ್ 9ರ ತನಕದ ಆರನ್ನ ಮಾತ್ರ ಮುಟ್ಟಲಿಲ್ಲ. ಯಾಕಿರಬಹುದು, ಯೋಚನೆ ಮಾಡ್ರಿ. ಲಕ್ಷಾಂತರ ಜನರ ಬೆರಳಲ್ಲಿ ಕೂತಿರೋ ಅಭ್ಯಾಸ ಅದು. ಒಂದು ಬೆಳಿಗ್ಗೆ ಎಫ್ 8 ಒತ್ತಿದರೆ ಸೇಲ್ಸ್ ಬದಲು ಬೇರೇನೋ ತೆರೆದರೆ ಅಂಗಡಿ ಅಂಗಡಿಯಲ್ಲಿ ತಪ್ಪು ಎಂಟ್ರಿ ಬೀಳ್ತದೆ. ಸಾಫ್ಟ್‌ವೇರ್ ಬರೆಯೋರಿಗೆ ಇದು ಮೊದಲ ಪಾಠ: ಬಣ್ಣ ಬದಲಿಸ್ರಿ, ಮೆನು ಬದಲಿಸ್ರಿ, ದಿನಕ್ಕೆ ನೂರು ಸಲ ಒತ್ತೋ ಕೀಗೆ ಕೈ ಹಚ್ಚಬೇಡ್ರಿ.

ಈಗ ಒಳಗೆ ಹೋಗೋಣ. ಕೀ ಒತ್ತಿದಾಗ ಮೂರು ಹಂತ. ಮೊದಲು ಕೀಬೋರ್ಡ್ ಒಂದು ನಂಬರ್ ಕಳಿಸ್ತದೆ, ಅದು ಸ್ಕ್ಯಾನ್ ಕೋಡ್. "ಈ ಜಾಗದ ಕೀ ಒತ್ತಿದರು" ಅಂತಷ್ಟೇ ಅದರ ಅರ್ಥ. ಎರಡನೇದು, ವಿಂಡೋಸ್ ಅದಕ್ಕೊಂದು ಹೆಸರು ಕೊಡ್ತದೆ, ಅದು ವರ್ಚುವಲ್ ಕೀ. ಮೂರನೇದು, ಆಗ ಯಾವ ಭಾಷೆಯ ಕೀಬೋರ್ಡ್ ಚಾಲೂ ಇದೆಯೋ ನೋಡಿ, ಅಕ್ಷರ ಹುಟ್ಟಿಸ್ತದೆ. ಜಾಗ, ಹೆಸರು, ಅಕ್ಷರ. ಈ ಮೂರನ್ನ ನೆನಪಿಟ್ಟುಕೊಳ್ರಿ, ಆಮೇಲೆ ಬೇಕಾಗ್ತದೆ.

ವಿಂಡೋಸ್ ಪ್ರೋಗ್ರಾಂಗಳಲ್ಲಿ ಆಕ್ಸಲರೇಟರ್ ಟೇಬಲ್ ಅಂತ ಒಂದು ಪಟ್ಟಿ ಇಡಬಹುದು. ಕಂಟ್ರೋಲ್ ಎಸ್ ಅಂದರೆ "ಸೇವ್" ಅನ್ನೋ ಆಜ್ಞೆ, ಕಂಟ್ರೋಲ್ ಪಿ ಅಂದರೆ "ಪ್ರಿಂಟ್", ಹಿಂಗೆ. ಕೀ ಸುದ್ದಿ ಬಂದ ಕೂಡಲೇ, ಅದು ಅಕ್ಷರ ಆಗೋ ಮೊದಲೇ, ಪ್ರೋಗ್ರಾಂ ಈ ಪಟ್ಟಿ ನೋಡ್ತದೆ. ಸಿಕ್ಕರೆ ಆಜ್ಞೆ ಓಡ್ತದೆ, ಸಿಗದಿದ್ದರೆ ಕೀ ಮುಂದೆ ಹೋಗಿ ಅಕ್ಷರ ಆಗ್ತದೆ. ಇದರ ಲಾಭ ಏನು? ಮೆನುವಿನಲ್ಲಿ ಸೇವ್ ಕ್ಲಿಕ್ ಮಾಡಿದರೂ, ಕಂಟ್ರೋಲ್ ಎಸ್ ಒತ್ತಿದರೂ ಬರೋದು ಒಂದೇ ಆಜ್ಞೆ. ಸೇವ್ ಮಾಡೋ ಕೋಡ್ ಒಂದೇ ಕಡೆ ಇರ್ತದೆ. ಹೊಸಬರು ಬಟನ್‌ಗೊಂದು, ಕೀಗೊಂದು ಅಂತ ಎರಡು ಕಡೆ ಬರೀತಾರೆ. ಆರು ತಿಂಗಳ ಮೇಲೆ ಒಂದನ್ನ ಸರಿ ಮಾಡ್ತಾರೆ, ಇನ್ನೊಂದು ಹಾಗೇ ಉಳೀತದೆ. ಮೌಸ್‌ನಲ್ಲಿ ಬಿಲ್ ಸರಿ, ಕೀಬೋರ್ಡ್‌ನಲ್ಲಿ ಬಿಲ್ ತಪ್ಪು. ಒಂದೇ ವ್ಯವಹಾರವನ್ನ ಎರಡು ಪುಸ್ತಕದಲ್ಲಿ ಬರೆದರೆ ತಾಳೆ ಆಗಲ್ಲ ಅನ್ನೋದು ಕಾಮರ್ಸ್ ಓದಿದವರಿಗೆ ಹೇಳಬೇಕಾಗಿಲ್ಲ.

ಟ್ಯಾಲಿಯಲ್ಲಿ ಇದನ್ನ ನೀವೇ ಮಾಡಿ ನೋಡಬಹುದು. ಅದಕ್ಕೆ ಟಿಡಿಎಲ್ ಅಂತ ಅದರದೇ ಭಾಷೆ ಇದೆ, ಟ್ಯಾಲಿ ಡೆಫಿನಿಷನ್ ಲಾಂಗ್ವೇಜ್. "ಬಟನ್" ಅಂತ ಒಂದು ತಲೆಬರಹ, ಕೆಳಗೆ ಮೂರು ಸಾಲು: ಟೈಟಲ್, ಕೀ, ಆ್ಯಕ್ಷನ್. ಪರದೆ ಮೇಲೆ ಏನು ಕಾಣಬೇಕು, ಯಾವ ಕೀ ಒತ್ತಬೇಕು, ಒತ್ತಿದರೆ ಏನಾಗಬೇಕು. ಆಮೇಲೆ ಅದನ್ನ ಒಂದು ಮೆನುಗೋ ಫಾರ್ಮ್‌ಗೋ ಜೋಡಿಸ್ತೀರಿ. ಅಲ್ಲಿ ಇದ್ದಾಗ ಮಾತ್ರ ಆ ಕೀಗೆ ಬೆಲೆ. ಇದೂ ಒಂದು ಪಾಠ. ಒಂದೇ ಕೀ ಬೇರೆ ಬೇರೆ ಪರದೆಯಲ್ಲಿ ಬೇರೆ ಕೆಲಸ ಮಾಡಬಹುದು, ಆದರೆ ಈಗ ಏನು ಮಾಡ್ತದೆ ಅಂತ ಬಲಗಡೆಯ ಬಟನ್ ಸಾಲಿನಲ್ಲಿ ಕಾಣ್ತಾ ಇರಬೇಕು. ಕಾಣದ ಶಾರ್ಟ್‌ಕಟ್ ಅಂದರೆ ಹೊಸಬರಿಗೆ ಇಲ್ಲದ ಶಾರ್ಟ್‌ಕಟ್ಟೇ.

ಈಗ ಕನ್ನಡಕ್ಕೆ ಬರೋಣ. ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಗೊತ್ತಲ್ಲ, ಭಾರತೀಯ ಭಾಷೆಗಳಿಗೆಲ್ಲ ಒಂದೇ ಜೋಡಣೆ. ಕನ್ನಡ ಇನ್‌ಸ್ಕ್ರಿಪ್ಟ್‌ನಲ್ಲಿ ಸಿ ಕೀ ಒತ್ತಿದರೆ "ಮ", ವಿ ಕೀ ಒತ್ತಿದರೆ "ನ". ನೀವು ಕನ್ನಡದಲ್ಲಿ ಅರ್ಜಿ ಟೈಪ್ ಮಾಡ್ತಾ ಇದ್ದೀರಿ, ಒಂದು ಸಾಲು ಕಾಪಿ ಮಾಡಬೇಕು, ಕಂಟ್ರೋಲ್ ಸಿ ಒತ್ತಿದ್ರಿ. ಪ್ರೋಗ್ರಾಂ ಬರೆದವರು "ಬಂದ ಅಕ್ಷರ ಸಿ ಆಗಿದ್ದರೆ ಕಾಪಿ ಮಾಡು" ಅಂತ ಬರೆದಿದ್ದರೆ? ಬಂದಿದ್ದು "ಮ". ಏನೂ ಆಗಲ್ಲ. ನೀವು ಇಂಗ್ಲಿಷ್‌ಗೆ ಬದಲಿಸಿ, ಕಾಪಿ ಮಾಡಿ, ಮತ್ತೆ ಕನ್ನಡಕ್ಕೆ ಬರಬೇಕು. ದಿನಕ್ಕೆ ಐವತ್ತು ಸಲ ಹಿಂಗಾದರೆ "ಕನ್ನಡದಲ್ಲಿ ಕೆಲಸ ನಿಧಾನ" ಅನ್ನೋ ಮಾತು ಹುಟ್ಟದೆ ಇರ್ತದಾ? ತಪ್ಪು ಪ್ರೋಗ್ರಾಂನದ್ದು, ಹೆಸರು ಕೆಡೋದು ಕನ್ನಡದ್ದು.

ಆ ಮೂರು ಹಂತ ನೆನಪಿದೆಯಲ್ಲ? ಇಲ್ಲಿ ಅಕ್ಷರ ನೋಡಿದ್ದೇ ತಪ್ಪು. ವಿಂಡೋಸ್‌ನಲ್ಲಿ ವರ್ಚುವಲ್ ಕೀ ನೋಡಿದರೆ ಕನ್ನಡ ಚಾಲೂ ಇದ್ದಾಗಲೂ ಆ ಕೀ ಸಿ ಅಂತಲೇ ಬರ್ತದೆ. ಎಲೆಕ್ಟ್ರಾನ್ ಥರ ಬ್ರೌಸರ್ ತಂತ್ರಜ್ಞಾನದಲ್ಲಿ ಡೆಸ್ಕ್‌ಟಾಪ್ ಆ್ಯಪ್ ಬರೆಯೋರಿಗೆ ಎರಡು ಮಾಹಿತಿ ಸಿಗ್ತದೆ: "ಕೀ" ಅಂದರೆ ಅಕ್ಷರ, "ಕೋಡ್" ಅಂದರೆ ಜಾಗ. ಕನ್ನಡ ಚಾಲೂ ಇದ್ದಾಗ ಕೀ "ಮ" ಅನ್ನುತ್ತೆ, ಕೋಡ್ "ಕೀ ಸಿ" ಅನ್ನುತ್ತೆ. ಹಂಗಾದರೆ ಯಾವಾಗಲೂ ಜಾಗವನ್ನೇ ನೋಡಿದರಾಯ್ತಲ್ಲ ಅಂತೀರೇನು? ಅದೂ ಪೂರ್ತಿ ಸರಿಯಲ್ಲ. ಫ್ರಾನ್ಸ್‌ನ ಕೀಬೋರ್ಡ್‌ನಲ್ಲಿ ನಮ್ಮ ಕ್ಯೂ ಇರೋ ಜಾಗದಲ್ಲಿ ಎ ಇರ್ತದೆ. ಅಲ್ಲಿನವರು ಎ ಒತ್ತಿದರೆ ಜಾಗ ನೋಡೋ ಪ್ರೋಗ್ರಾಂ ಕ್ಯೂ ಅಂತ ತಿಳೀತದೆ. ಕೆಲವು ಪ್ರೋಗ್ರಾಂಗಳಲ್ಲಿ ಕಂಟ್ರೋಲ್ ಕ್ಯೂ ಅಂದರೆ ಮುಚ್ಚಿಬಿಡು ಅಂತ ಅರ್ಥ. ಎಲ್ಲಾ ಆಯ್ಕೆ ಮಾಡಲು ಹೋದವರ ಪ್ರೋಗ್ರಾಂ ಮುಚ್ಚಿ ಹೋಗ್ತದೆ! ಅದಕ್ಕೇ ನಡುದಾರಿ ಇದು: ಮೊದಲು ಅಕ್ಷರ ನೋಡ್ರಿ. ಅದು ಎ ಇಂದ ಜೆಡ್ ಒಳಗಿದ್ದರೆ ಅದನ್ನೇ ನಂಬ್ರಿ. ಕನ್ನಡ, ಹಿಂದಿ, ಉರ್ದು ಅಕ್ಷರ ಬಂದರೆ ಜಾಗಕ್ಕೆ ಹೋಗ್ರಿ. ನಾಲ್ಕು ಸಾಲಿನ ಕೆಲಸ ಅಷ್ಟೇ.

ಇನ್ನೊಂದು ಗುಂಡಿ ರೂಪಾಯಿದು. 2010ರಲ್ಲಿ ನಮ್ಮ ರೂಪಾಯಿಗೆ ₹ ಅನ್ನೋ ಗುರುತು ಬಂತು. ವಿಂಡೋಸ್‌ನ ಭಾರತದ ಇಂಗ್ಲಿಷ್ ಕೀಬೋರ್ಡ್‌ನಲ್ಲಿ ಬಲಗಡೆಯ ಆಲ್ಟ್ ಜೊತೆ 4 ಒತ್ತಿದರೆ ಅದು ಮೂಡ್ತದೆ. ಇಂಥ ಕೀಬೋರ್ಡ್‌ಗಳಲ್ಲಿ ಬಲಗಡೆಯ ಆಲ್ಟ್ ಅನ್ನು ವಿಂಡೋಸ್ ಕಂಟ್ರೋಲ್ ಮತ್ತು ಆಲ್ಟ್ ಎರಡೂ ಒತ್ತಿದ ಹಾಗೇ ಲೆಕ್ಕ ಹಿಡೀತದೆ. ಈಗ ಒಬ್ಬರು ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದು, ಕಂಟ್ರೋಲ್ ಆಲ್ಟ್ 4 ಅನ್ನ "ನಾಲ್ಕನೇ ವರದಿ ತೆರೆ" ಅಂತ ಇಟ್ಟರೆ, ಆ ಸಾಫ್ಟ್‌ವೇರ್‌ನಲ್ಲಿ ರೂಪಾಯಿ ಗುರುತೇ ಬೀಳಲ್ಲ. ಒತ್ತಿದಾಗೆಲ್ಲ ವರದಿ ತೆರೀತದೆ. ಲೆಕ್ಕದ ಸಾಫ್ಟ್‌ವೇರ್, ಅದರಲ್ಲಿ ರೂಪಾಯಿ ಇಲ್ಲ! ಅದಕ್ಕೇ ಕಂಟ್ರೋಲ್ ಆಲ್ಟ್ ಜೋಡಿಯನ್ನ ಅಕ್ಷರ, ಅಂಕಿ ಕೀಗಳ ಜೊತೆ ಬಳಸದೆ ಇರೋದೇ ಚಲೋ.

ಕೊನೇ ವಿಷಯ, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಕಣ್ಣು ಕಾಣದವರಿಗೆ ಮೌಸ್‌ನ ಬಾಣ ಎಲ್ಲಿದೆ ಅಂತ ಗೊತ್ತಾಗಲ್ಲ. ಅವರು ಎನ್‌ವಿಡಿಎ ಥರದ ಸ್ಕ್ರೀನ್ ರೀಡರ್ ಬಳಸ್ತಾರೆ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ, ತಾವೂ ಕಣ್ಣು ಕಾಣದ ಮೈಕಲ್ ಕರನ್ ಶುರು ಮಾಡಿದ್ದು, ಪುಕ್ಕಟೆ ಸಿಗ್ತದೆ. ಅದು ಪರದೆ ಮೇಲಿನದನ್ನ ಓದಿ ಹೇಳ್ತದೆ, ಕನ್ನಡವನ್ನೂ ಓದ್ತದೆ. ಅದರ ಆಜ್ಞೆಗಳಿಗೆಲ್ಲ ಇನ್ಸರ್ಟ್ ಕೀ ಮುಖ್ಯ. ನಿಮ್ಮ ಪ್ರೋಗ್ರಾಂ ಇನ್ಸರ್ಟ್ ಕೀಯನ್ನ ಬೇರೆ ಕೆಲಸಕ್ಕೆ ಹಿಡಿದಿಟ್ಟರೆ ಎರಡೂ ಜಗಳ ಆಡ್ತಾವೆ. ಟ್ಯಾಬ್ ಒತ್ತಿದರೆ ಮುಂದಿನ ಖಾನೆಗೆ ಹೋಗದ ಫಾರ್ಮ್ ಬರೆದರೆ ಅವರು ಅಲ್ಲೇ ನಿಂತುಬಿಡ್ತಾರೆ. ಬಿ.ಕಾಂ. ಮುಗಿಸಿ, ಲೆಕ್ಕ ಬಲ್ಲ ಒಬ್ಬ ಹುಡುಗಿ ಕಣ್ಣು ಕಾಣಲ್ಲ ಅನ್ನೋ ಕಾರಣಕ್ಕಲ್ಲ, ಯಾರೋ ಒಂದು ಕೀ ಮರೆತರು ಅನ್ನೋ ಕಾರಣಕ್ಕೆ ಕೆಲಸ ಕಳಕೊಳ್ಳಬಹುದು. ನಮಗೆ ಶಾರ್ಟ್‌ಕಟ್ ಅಂದರೆ ಒಳದಾರಿ, ಅವರಿಗೆ ಇರೋದೇ ಆ ಒಂದು ದಾರಿ.

ಹಂಗಾಗಿ ಕೋಡಿಂಗ್ ಕಲೀತಾ ಇರೋ ಗೆಳೆಯರಿಗೆ ಒಂದು ಮಾತು. ನೀವು ಬರೆದ ಪ್ರೋಗ್ರಾಂ ಕೊಡೋ ಮೊದಲು ಮೂರು ಪರೀಕ್ಷೆ ಮಾಡ್ರಿ. ಕನ್ನಡ ಕೀಬೋರ್ಡ್ ಚಾಲೂ ಮಾಡಿ ಎಲ್ಲಾ ಶಾರ್ಟ್‌ಕಟ್ ಒತ್ತಿ ನೋಡ್ರಿ. ರೂಪಾಯಿ ಗುರುತು ಬೀಳ್ತದಾ ನೋಡ್ರಿ. ಮೌಸ್ ವಯರ್ ಕಿತ್ತಿಟ್ಟು ಒಂದು ಬಿಲ್ ಮೊದಲಿಂದ ಕೊನೇ ತನಕ ಮಾಡಿ ನೋಡ್ರಿ. ಹತ್ತು ನಿಮಿಷ ಸಾಕು.

ಕೋಡಿಂಗ್ ಮಾಡದವರಿಗೂ ಕೆಲಸ ಇದೆ. ನೀವು ದಿನಾ ಬಳಸೋ ಸಾಫ್ಟ್‌ವೇರ್ ಕನ್ನಡದಲ್ಲಿದ್ದಾಗ ಯಾವ ಶಾರ್ಟ್‌ಕಟ್ ಕೈ ಕೊಡ್ತದೆ ಅಂತ ಬರೆದು, ಆ ಕಂಪನಿಗೇ ಕಳಿಸ್ರಿ, ನಮಗೂ ಒಂದು ವಾಯ್ಸ್ ನೋಟ್ ಹಾಕ್ರಿ. ಹೇಳದೆ ಇದ್ದರೆ ಅವರಿಗೆ ಗೊತ್ತಾಗೋದೂ ಇಲ್ಲ, ಸರಿ ಆಗೋದೂ ಇಲ್ಲ. ಮುಂದಿನ ವಾರ ಸಿಗೋಣ್ರಿ. ಶರಣು.